ದಂಡಕ್ಕುಂಟು, ಲೆಕ್ಕಕ್ಕಿಲ್ಲ

ಇವತ್ತು ಬೆಳಿಗ್ಗೆ ಐದೂವರೆಗೆ ನಾನು ರಸ್ತೆಯಲ್ಲಿ ಇರಲಿಲ್ಲ. ಇದ್ದೇನೆ ಅಂತ ನನಗೇನೋ ಅನ್ನಿಸಿತ್ತು. ಕಾಲ ಕೆಳಗೆ ಡಾಂಬರು, ಕೈಯಲ್ಲಿ ಸೈಕಲ್ ಹ್ಯಾಂಡಲ್, ಚಳಿಗೆ ಸೋರುವ ಮೂಗು, ಎಲ್ಲ ಇತ್ತು. ಆದರೆ ಸಿಗ್ನಲ್ ಲೆಕ್ಕದಲ್ಲಿ ಅಲ್ಲಿ ಯಾರೂ ಇರಲಿಲ್ಲ. ಯಾರೂ ಇಲ್ಲದ ರಸ್ತೆಗೆ ಹಸಿರು ದೀಪ ಯಾಕೆ? ಹಾಗಾಗಿ ಕೆಂಪು. ಆಮೇಲೂ ಕೆಂಪು. ಅಡ್ಡ ಹೋಗುವ ದೊಡ್ಡ ರಸ್ತೆಗೆ ಮಾತ್ರ ಹಸಿರು ಸುಮ್ನೆ ಉರಿಯುತ್ತಿತ್ತು. ಅಷ್ಟು ಹೊತ್ತಿನಲ್ಲಿ ಒಂದು ನಾಯಿ ದಾಟಿತು. ಅದೂ ಸಿಗ್ನಲ್ ಕಡೆ ತಲೆ ಎತ್ತಲಿಲ್ಲ.

ಈ ಬುದ್ಧಿವಂತ ಸಿಗ್ನಲ್‌ಗಳ ಬಗ್ಗೆ ನನಗೆ ತುಂಬಾ ಗೌರವ. ಹಳೇ ಸಿಗ್ನಲ್ ದಡ್ಡ. ಯಾರು ಬರಲಿ ಬಿಡಲಿ, ಗಡಿಯಾರ ನೋಡಿಕೊಂಡು ಸರದಿ ಪ್ರಕಾರ ಹಸಿರು ಹಂಚುತ್ತಿತ್ತು. ಆ ಪಂಕ್ತಿಯಲ್ಲಿ ಸೈಕಲ್ಲಿಗೂ ಒಂದು ಎಲೆ ಬೀಳುತ್ತಿತ್ತು. ಹೊಸದು ಹಾಗಲ್ಲ, ಮುಖ ನೋಡಿ ಬಡಿಸುತ್ತದೆ. ರಸ್ತೆಯನ್ನು ಗರಗಸದಲ್ಲಿ ಕೊರೆದು, ಒಳಗೆ ತಂತಿಯ ಸುತ್ತು ಹೂತು, ಮೇಲೆ ಕಪ್ಪು ಅಂಟು ತುಂಬಿರುತ್ತಾರೆ. ಸ್ಟಾಪ್ ಲೈನ್ ಹಿಂದೆ ಚೌಕಾಕಾರದ ಕಪ್ಪು ಗೆರೆ ಕಂಡಿದ್ದರೆ ಅದೇ ಅದು. ಆ ತಂತಿಯಲ್ಲಿ ಕರೆಂಟು ಸೆಕೆಂಡಿಗೆ ಸಾವಿರಾರು ಸಲ ಹಿಂದೆ ಮುಂದೆ ಓಡುತ್ತಿರುತ್ತದೆ. ಮೇಲೆ ಲೋಹದ ಗಾಡಿ ಬಂದು ನಿಂತರೆ ಆ ಓಟದ ಲಯ ಚೂರು ಬದಲಾಗುತ್ತದೆ. ತಕ್ಷಣ ಪಕ್ಕದ ಪೆಟ್ಟಿಗೆಗೆ ಸುದ್ದಿ: ಸಾಹೇಬರು ಬಂದರು, ಬಾಗಿಲು ತೆಗೀರಿ.

ಕಾರು ಬಂದರೆ ಸಾಹೇಬರು. ಸೈಕಲ್ ಬಂದರೆ ಗಾಳಿ ಬೀಸಿದ ಹಾಗೆ.

ಇದು ತೂಕ ನೋಡುತ್ತದೆ ಅಂತ ಬಹಳ ಜನ ನಂಬಿದ್ದಾರೆ. ನಾನೂ ನಂಬಿ, ಸೀಟಿನ ಮೇಲೆ ಎದ್ದು ಕೂತು ಕುಣಿದಿದ್ದೇನೆ. ತೂಕಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಆನೆ ಬಂದು ನಿಂತರೂ ಆ ತಂತಿಗೆ ಗೊತ್ತಾಗುವುದಿಲ್ಲ. ಅಲ್ಯೂಮಿನಿಯಂ ರಿಮ್ ಬಂದರೆ ಗೊತ್ತಾಗಬಹುದು, ಸರಿಯಾದ ಜಾಗದಲ್ಲಿ ನಿಂತರೆ. ಸರಿಯಾದ ಜಾಗ ಅಂದರೆ ಚೌಕದ ನಡುವೆ ಅಲ್ಲ, ಎರಡೂ ಚಕ್ರ ಆ ಕಪ್ಪು ಗೆರೆಯ ಮೇಲೇ ಸಾಲಾಗಿ ಬರಬೇಕು. ಆದರೆ ಕೆಲವು ಕಡೆ ತಂತಿಯನ್ನು 8ರ ಆಕಾರದಲ್ಲಿ ಸುತ್ತಿರುತ್ತಾರೆ, ಅಲ್ಲಿ ನಡುಗೆರೆಯ ಮೇಲೆ ನಿಲ್ಲಬೇಕು. ಚಕ್ರಕ್ಕೆ ಆಯಸ್ಕಾಂತ ಕಟ್ಟಿಕೊಂಡು ತಿರುಗುವವರಿದ್ದಾರೆ, ಪಾಪ, ಅದು ತಾಯತ ಕಟ್ಟಿದಷ್ಟೇ ಉಪಯೋಗ. ನನ್ನ ಗೆಳೆಯನೊಬ್ಬ ಹಗುರ ಆಗಲಿ ಅಂತ ಇದ್ದಬದ್ದ ದುಡ್ಡೆಲ್ಲ ಸುರಿದು ಕಾರ್ಬನ್ ಫೈಬರ್ ಚಕ್ರ ಹಾಕಿಸಿದ. ಅವು ತಂತಿಗೆ ಹೆಚ್ಚುಕಡಿಮೆ ಕಾಣುವುದೇ ಇಲ್ಲ. ನಾನು ಪುಕ್ಕಟೆಯಾಗಿ ಮಾಯವಾಗುತ್ತೇನೆ, ಅವನು ದುಡ್ಡು ಕೊಟ್ಟು ಮಾಯವಾಗಿದ್ದಾನೆ.

ಇನ್ನೂ ಒಂದು ಉಪಾಯ ಇದೆ, ಬಲ್ಲವರೇ ಹೇಳುವುದು. ಸೈಕಲನ್ನು ಗೆರೆಯ ಮೇಲೆ ಅಡ್ಡಡ್ಡ ಮಲಗಿಸಿದರೆ ಸಿಗ್ನಲ್ ಒಲಿಯುವ ಸಾಧ್ಯತೆ ಜಾಸ್ತಿ. ಅಂದರೆ ಸಾಷ್ಟಾಂಗ. ನಾನು ಮಾತ್ರ ಯಾಕೆ ನಿಂತಿರಬೇಕು, ಪಕ್ಕದಲ್ಲೇ ನಾನೂ ಮಲಗಿಬಿಡುತ್ತೇನೆ.

ಗಾಡಿ ಬಂದಾಗಲೇ ಬದಲಾಗುವ ಸಿಗ್ನಲ್ ಹೊಸ ಆಲೋಚನೆ ಏನಲ್ಲ. 1928ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಚಾರ್ಲ್ಸ್ ಆಡ್ಲರ್ ಎಂಬ ರೈಲ್ವೆ ಸಿಗ್ನಲ್ ಎಂಜಿನಿಯರ್ ಹಾರ್ನ್ ಕೇಳಿಸಿಕೊಳ್ಳುವ ಸಿಗ್ನಲ್ ಹಾಕಿಸಿದ್ದ. ಕಂಬದಲ್ಲಿ ಮೈಕ್. ಗಾಡಿ ನಿಲ್ಲಿಸಿ ಹಾರ್ನ್ ಹೊಡೆದರೆ ಹಸಿರು! ಇದನ್ನು ಓದಿದ ದಿನ ನನಗೆ ಜ್ಞಾನೋದಯ ಆಯಿತು. ಕೆಂಪು ದೀಪದಲ್ಲಿ ನಿಂತು ಹಾರ್ನ್ ಒತ್ತುತ್ತಲೇ ಇರುವವರಿಗೆ ಇಷ್ಟು ವರ್ಷ ಸುಮ್ನೆ ಬೈದೆನಲ್ಲ. ಅವರು ತಿಳಿಗೇಡಿಗಳಲ್ಲ, ಪರಂಪರೆ ಉಳಿಸುವವರು. ಅದೂ ಅಲ್ಲದೆ ಆ ಸಿಗ್ನಲ್ಲಿಗೆ ಕಿವಿ ಇತ್ತು, ನನಗೆ ಗಂಟಲಿದೆ. ಹೇಗೋ ನಮ್ಮಿಬ್ಬರ ನಡುವೆ ಮಾತುಕತೆ ನಡೆಯುತ್ತಿತ್ತು. ಈಗಿನದಕ್ಕೆ ನಾನು ಎಷ್ಟು ಕಿರುಚಿದರೂ ಅಷ್ಟೇ.

ಇವತ್ತು ನನ್ನನ್ನು ಕಾಪಾಡಿದ್ದು ಒಂದು ಕಾರು. ಕಾರು ಬಂದರೆ ಹಸಿರು ಬರುತ್ತದೆ, ಅಲ್ವಾ? ಬರಲಿಲ್ಲ. ಒಳಗಿದ್ದವರು ಸಭ್ಯರು. ಸೈಕಲ್ಲಿಗೆ ತೊಂದರೆ ಆಗದಿರಲಿ ಅಂತ ದೂರದಲ್ಲೇ ನಿಲ್ಲಿಸಿದ್ದರು, ತಂತಿಗಿಂತ ಹಿಂದೆ. ಈಗ ಅವರೂ ಇಲ್ಲ, ನಾನೂ ಇಲ್ಲ. ಮುಂದೆ ಬನ್ನಿ ಅಂತ ಕೈ ಬೀಸಿದೆ. ಅವರು ಲೈಟ್ ಮಿನುಗಿಸಿದರು. ನೆಲದ ಕಡೆ ಬೆರಳು ತೋರಿಸಿದೆ. ಕಿಟಕಿ ಇಳಿಯಿತು.

"ಏನ್ ಬಿತ್ತು ಸಾರ್?"

"ಏನೂ ಬಿದ್ದಿಲ್ಲ. ನೀವು ಸ್ವಲ್ಪ ಮುಂದೆ ಬನ್ನಿ."

"ಪರವಾಗಿಲ್ಲ, ನೀವೇ ಹೋಗಿ."

"ಕೆಂಪು ಇದೆಯಲ್ಲ ಸಾರ್."

"ಅದಕ್ಕೇ ಅಲ್ವಾ ನಾನೂ ನಿಂತಿರೋದು."

ತಂತಿ, ಕರೆಂಟು, ಲಯ ಎಲ್ಲ ವಿವರಿಸಲು ಹೊರಟೆ. ಅವರು ಕಿಟಕಿ ಏರಿಸಿದರು. ಆಮೇಲೆ ನನ್ನಿಂದ ದೂರ ಹೋದರೆ ಸಾಕು ಅನ್ನಿಸಿತೋ ಏನೋ, ಪಕ್ಕದಿಂದ ಮೆಲ್ಲಗೆ ಮುಂದೆ ಬಂದರು. ಚಕ್ರ ಗೆರೆ ದಾಟಿತು ನೋಡಿ, ಸ್ವಲ್ಪ ಹೊತ್ತಿಗೇ ಹಸಿರು. ಹೋಗುವಾಗ ಒಂದು ಸಲ ತಿರುಗಿ ನೋಡಿದರು. ಅವರ ಮನೆಯಲ್ಲಿ ಇವತ್ತು ನನ್ನ ಕತೆ ಬೇರೆ ಥರ ಹೇಳಿರುತ್ತಾರೆ.

ಅಮೆರಿಕದ ವರ್ಜೀನಿಯಾದಲ್ಲಿ ಇದಕ್ಕೆ ಕಾನೂನೇ ಇದೆ. ಸೈಕಲ್ಲೋ ಬೈಕೋ ಕೆಂಪಿನಲ್ಲಿ ಸಿಕ್ಕಿಕೊಂಡರೆ ಎರಡು ನಿಮಿಷ, ಇಲ್ಲವೇ ಸಿಗ್ನಲ್ಲಿನ ಎರಡು ಸುತ್ತು, ಯಾವುದು ಕಡಿಮೆಯೋ ಅಷ್ಟು ಕಾದು, ಬೇರೆ ಗಾಡಿಗಳಿಗೆ ದಾರಿ ಬಿಟ್ಟು ದಾಟಬಹುದು. ಒಳ್ಳೇದೇ. ಮಾಡು ಸೋರುತ್ತಿದೆ ಅಂದರೆ, ಮನೆಯೊಳಗೆ ಕೊಡೆ ಬಿಚ್ಚಲು ಅನುಮತಿ ಕೊಟ್ಟ ಹಾಗೆ. ನಮಗೆ ಆ ಕೊಡೆಯೂ ಇಲ್ಲ.

ಇಷ್ಟರ ಮೇಲೆ, ಸೈಕಲ್‌ನವರಿಗೆ ಶಿಸ್ತಿಲ್ಲ, ಸಿಗ್ನಲ್ ಹಾರ್ತಾರೆ ಅಂತ ಉಪದೇಶ ಬೇರೆ. ಕೇಳಿ ಕೇಳಿ ಸಾಕಾಗಿದೆ. ಎಷ್ಟು ಹೊತ್ತು ಕಾಯಬೇಕು ಹೇಳಿ. ಹತ್ತು ನಿಮಿಷ? ಕಾರು ಬರುವ ತನಕ? ಮಳೆಯಲ್ಲಿ? ರಾತ್ರಿ ಪಾಳಿ ಮುಗಿಸಿ ಒಬ್ಬಳೇ ಮನೆಗೆ ಹೋಗುವ ಹುಡುಗಿ ಖಾಲಿ ರಸ್ತೆಯಲ್ಲಿ ಯಾವುದೋ ಕಾರು ಬರಲಿ ಅಂತ ಕಾಯಬೇಕಾ? ಹಸಿರು ಕೊಡುವಾಗ ನಾವು ವಾಹನ ಅಲ್ಲ, ದಾಟಿ ಸಿಕ್ಕಿಬಿದ್ದರೆ ಮಾತ್ರ ವಾಹನ. ಇದಕ್ಕೆ ರಾಕೆಟ್ ಹಾರಿಸಬೇಕಾಗಿಲ್ಲ. ಆ ಪೆಟ್ಟಿಗೆಯಲ್ಲಿ ತಂತಿ ಎಷ್ಟು ಚುರುಕಾಗಿರಬೇಕು ಅಂತ ಹೊಂದಿಸಲು ಬರುತ್ತದೆ. ಚುರುಕು ಜಾಸ್ತಿ ಮಾಡಿದರೆ ಪಕ್ಕದ ಸಾಲಿನ ಲಾರಿಯನ್ನೂ ಹಿಡಿಯುತ್ತದೆ ಅಂತಾರೆ. ನಿಜ, ಹಿಡಿಯಬಹುದು. ಹಾಗಾದರೆ ಸುತ್ತಿನ ಆಕಾರ ಬದಲಿಸಿ. ಅದೂ ಆಗದಿದ್ದರೆ, ಸೈಕಲ್ ಇಲ್ಲಿ ನಿಲ್ಲಲಿ ಅಂತ ರಸ್ತೆ ಮೇಲೆ ಒಂದು ಗುರುತು ಬರೆಯಿರಿ. ಒಂದು ಡಬ್ಬಿ ಬಣ್ಣ ಸಾಕು. ಹೊಸದಾಗಿ ಹಾಕುವ ಸೆನ್ಸರ್ ಸೈಕಲನ್ನೂ ಗುರುತಿಸಬೇಕು ಅಂತ ಕ್ಯಾಲಿಫೋರ್ನಿಯಾದವರು 2007ರಲ್ಲೇ ಕಾನೂನು ಮಾಡಿದ್ದಾರೆ.

ನಾನು ಹೋಗಿ ಹೇಳದೆ ಇಲ್ಲ. ಸಂಬಂಧಪಟ್ಟವರು ಸ್ಥಳಕ್ಕೆ ಬಂದು ನೋಡಿದರು, ಸಿಗ್ನಲ್ ಸರಿಯಾಗಿಯೇ ಕೆಲಸ ಮಾಡುತ್ತಿದೆ ಅಂದರು. ಹೇಗೆ ಬಂದಿದ್ರಿ ಅಂತ ಕೇಳಿದೆ. ಜೀಪಿನಲ್ಲಿ.

ಬೇಕಾದರೆ ಆನ್‌ಲೈನಲ್ಲಿ ದೂರು ಕೊಡಿ ಅಂದರು. ಇವತ್ತು ಮನೆಗೆ ಬಂದು, ಬೆವರು ಒರೆಸಿಕೊಂಡು, ಎಲ್ಲ ತುಂಬಿದೆ. ಹೆಸರು, ವಿಳಾಸ, ಜಾಗ, ಸಮಯ. ಕೊನೆಯಲ್ಲಿ ವಾಹನದ ನೋಂದಣಿ ಸಂಖ್ಯೆ. ಸೈಕಲ್ ಅಂತ ಬರೆದೆ, ತೆಗೆದುಕೊಳ್ಳಲಿಲ್ಲ. ಸೊನ್ನೆ ಹಾಕಿದೆ, ಅದನ್ನೂ ತೆಗೆದುಕೊಳ್ಳಲಿಲ್ಲ. ಖಾಲಿ ಬಿಟ್ಟು ಒತ್ತಿದೆ. ಪಕ್ಕದಲ್ಲಿ ಒಂದು ಸಾಲು ಮೂಡಿತು, "ಕಡ್ಡಾಯ" ಅಂತ. ಕೆಂಪು ಅಕ್ಷರದಲ್ಲಿ.