ಬೆಳ್ಳಿ ಚಮಚದ ಅಣಬೆ ಪರೀಕ್ಷೆ: ನನ್ನದೇ ತಪ್ಪಿಗೆ ಸ್ಪಷ್ಟನೆ

ಧಾರವಾಡದ ನಮ್ಮ ಓಣಿಯ ವಾಟ್ಸಾಪ್ ಗುಂಪಿಗೆ ಮೊನ್ನೆ ನಾನೇ ಹಾಕಿದ್ದ ಸಂದೇಶ ಹಾವೇರಿಯ ಬೀಗರಿಂದ ನನಗೇ ವಾಪಸ್ ಬಂತು: ‘ಅಣಬೆ ಕುದಿಸುವಾಗ ಬೆಳ್ಳಿ ಚಮಚ ಕಪ್ಪಾಗದಿದ್ದರೆ ಧೈರ್ಯವಾಗಿ ತಿನ್ನಿ.’ ಅದು ತಪ್ಪು. ಬೆಳ್ಳಿ ಕಪ್ಪಾಗುವುದು ಗಂಧಕದ ಸಂಯುಕ್ತಗಳಿಂದ; ಮೊಟ್ಟೆ ತಾಗಿದರೂ ಕಪ್ಪಾಗುತ್ತದೆ. ಡೆತ್ ಕ್ಯಾಪ್ ಎಂಬ ಮಾರಕ ಅಣಬೆಯಲ್ಲಿರುವ ಅಮಾಟಾಕ್ಸಿನ್ ಎಂಬ ವಿಷ ಚಮಚದಲ್ಲಿ ಕಾಣುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ. ವಾಂತಿ-ಭೇದಿ ಶುರುವಾಗುವುದೇ ಸಾಮಾನ್ಯವಾಗಿ 6ರಿಂದ 12 ಗಂಟೆ ಕಳೆದ ಮೇಲೆ. ಅಷ್ಟರಲ್ಲಿ ಯಕೃತ್ತಿಗೆ ಪೆಟ್ಟು ಬೀಳಲು ಶುರುವಾಗಿರುತ್ತದೆ.

ಯಾವ ಅಣಬೆ ಅಂತ ಗುರುತಿಸಲು ಶಿಲೀಂಧ್ರ ವಿಜ್ಞಾನಿಗಳು ಅದರ ಟೊಪ್ಪಿಗೆಯನ್ನು ಕಾಗದದ ಮೇಲಿಟ್ಟು, ರಾತ್ರಿ ಬಟ್ಟಲು ಮುಚ್ಚಿಟ್ಟು, ಬೆಳಿಗ್ಗೆ ಉದುರಿದ ಬೀಜಕಣಗಳ ಬಣ್ಣ ನೋಡುತ್ತಾರೆ. ಬುಡ ಅಗೆದು, ಡೆತ್ ಕ್ಯಾಪ್‌ನಂಥ ಅಣಬೆಗಳಿಗಿರುವ ಚೀಲದಂಥ ಪೊರೆ ಇದೆಯೇ ಅಂತ ಹುಡುಕುತ್ತಾರೆ. ಆಮೇಲೆ ಸೂಕ್ಷ್ಮದರ್ಶಕ, ಬೇಕಾದರೆ ಡಿಎನ್‌ಎ. ಅವರಿಗೇ ಇಷ್ಟು ಹೊತ್ತು ಹಿಡಿಯುವಾಗ ನನ್ನ ಚಮಚದ್ದೇನು ಲೆಕ್ಕ!

ಸಂದೇಶ ಅಳಿಸಿದ್ದೇನೆ. ನಿಮ್ಮಲ್ಲಿದ್ದರೆ ದಯವಿಟ್ಟು ಮುಂದೆ ಕಳಿಸಬೇಡಿ.