ಸ್ಪಷ್ಟನೆ: ಫುಟ್‌ಬಾಲ್ ಮ್ಯಾನೇಜರ್‌ನ ನಕ್ಷತ್ರ ಸ್ಥಿರ ಅಂಕವಲ್ಲ

‘ನಾಲ್ಕು ನಕ್ಷತ್ರದ ಆಟಗಾರನ್ನ ಕಣ್ಣು ಮುಚ್ಚಿ ತಗೋರಿ, ಎಂದೂ ಕೈಕೊಡಂಗಿಲ್ಲ’ ಎಂಬ ಸಲಹೆ, ತಂಡ ಕಟ್ಟಿ ನಡೆಸುವ ಕಂಪ್ಯೂಟರ್ ಆಟ ಫುಟ್‌ಬಾಲ್ ಮ್ಯಾನೇಜರ್ ಬಗ್ಗೆ ಹುಬ್ಬಳ್ಳಿ-ಧಾರವಾಡದ ಹುಡುಗರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು.

ನಕ್ಷತ್ರ ತೋರಿಸುವುದು ನಿಮ್ಮದೇ ತಂಡಕ್ಕೆ ಹೋಲಿಸಿದ ಸಾಮರ್ಥ್ಯ. ಓಣಿ ಟೀಮಿನ ಹೀರೊ ನೆಹರೂ ಮೈದಾನಕ್ಕೆ ಬಂದರೆ ಹತ್ತರಲ್ಲೊಬ್ಬ ಆಗುತ್ತಾನಲ್ಲ, ಹಾಗೆ. ಇಂಗ್ಲೆಂಡಿನ 6ನೇ ಹಂತದ ನ್ಯಾಷನಲ್ ಲೀಗ್ ನಾರ್ತ್‌ನಲ್ಲಿ ನಾಲ್ಕು ನಕ್ಷತ್ರ ಹೊತ್ತವನು, ನೀವು ಬಡ್ತಿ ಪಡೆದು ಒಳ್ಳೆಯವರನ್ನು ಸೇರಿಸಿಕೊಂಡ ಮೇಲೆ ಎರಡಕ್ಕೆ ಇಳಿಯಬಹುದು. ಅವನ ಗುಣಾಂಕ (ವೇಗ, ಕೌಶಲ ಮುಂತಾದವಕ್ಕೆ ಆಟ ಕೊಡುವ ಅಂಕ) ಒಂದೂ ಕಡಿಮೆಯಾಗಿರುವುದಿಲ್ಲ. ಗಾಬರಿಯಾಗಿ ಮಾರಬೇಡಿ.

ಇನ್ನೊಂದು, ನಕ್ಷತ್ರವೆಂದರೆ ಆಟದೊಳಗಿನ ನಿಮ್ಮ ಕ್ಲಬ್ ಸಿಬ್ಬಂದಿಯ ಅಭಿಪ್ರಾಯ ಮಾತ್ರ. ಬಡ ಕ್ಲಬ್ಬಿನ ಸ್ಕೌಟ್‌ಗೆ (ಆಟಗಾರರನ್ನು ಹುಡುಕಿ ಅಳೆಯುವವನಿಗೆ) ಸಾಮರ್ಥ್ಯ ಅಳೆಯುವ ಅಂಕ 20ಕ್ಕೆ 6 ಇದ್ದರೆ ಅವನ ನಕ್ಷತ್ರವೂ ಅಷ್ಟಕ್ಕಷ್ಟೇ. ಕಪ್ಪು ನಕ್ಷತ್ರವಂತೂ ‘ಖಾತ್ರಿ ಇಲ್ಲ’ ಎಂಬ ಗುರುತು. ಅದನ್ನೂ ಸೇರಿಸಿ ಎಣಿಸಿದವರೇ ಹೆಚ್ಚು ಮೋಸಹೋಗುವುದು.

ಸಹಿ ಹಾಕಿಸುವ ಮುನ್ನ ಸ್ಕೌಟ್ ವರದಿ ಪೂರ್ಣವಾಗಲಿ. ಬಳಿಕ 1ರಿಂದ 20ರ ಗುಣಾಂಕಗಳನ್ನೇ ಓದಿ. ಕೆಳಹಂತದಲ್ಲಿ ಮೊದಲು ವೇಗ, ವೇಗವರ್ಧನೆ, ದಮ್ಮು ನೋಡಿ. ನಂತರ ಆ ಸ್ಥಾನಕ್ಕೆ ಬೇಕಾದ ಎರಡು ಮೂರು ಕೌಶಲ. ಅದೇ ಸ್ಥಾನದಲ್ಲಿ ಈಗ ಆಡುವವನ ಪಕ್ಕ ಇಟ್ಟು ಹೋಲಿಸಿ. ಸಂಬಳ ಕೊನೆಗೆ ಮಾತಾಡಿ.