ಹಾಕಿಂಗ್ ಮತ್ತು ಮೂರು ಮೆಟ್ಟಿಲು

ಮಾರ್ಚ್ 14 ಬಂತೆಂದರೆ ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿಗೆ ಭೌತವಿಜ್ಞಾನಿ ಸ್ಟೀಫನ್ ಹಾಕಿಂಗ್ ಫೋಟೋ ಬಂದೇ ಬರುತ್ತದೆ. 2018ರಲ್ಲಿ ಅವರು ತೀರಿಕೊಂಡ ದಿನ ಅದು. ಗಾಲಿಕುರ್ಚಿ, ಒಂದು ಕಡೆ ವಾಲಿದ ತಲೆ, ಕೆಳಗೆ ‘ಮನಸ್ಸಿದ್ದರೆ ಮಾರ್ಗ’. ಈ ಸಲ ಅದಕ್ಕೆ ಮೊದಲು ಲೈಕ್ ಒತ್ತಿದ್ದು ನಮ್ಮ ಸೋದರಮಾವ. ಲಕ್ವ ಹೊಡೆದು ನಾಲ್ಕು ವರ್ಷದಿಂದ ಅವರೂ ಗಾಲಿಕುರ್ಚಿಯಲ್ಲೇ ಇದ್ದಾರೆ. ಮನಸ್ಸು ಅವರಿಗೂ ಬೇಕಾದಷ್ಟಿದೆ. ಪಿಂಚಣಿ ಬರುವ ಬ್ಯಾಂಕಿನ ಬಾಗಿಲಿಗೆ ಮೂರು ಮೆಟ್ಟಿಲಿವೆ.

ಆ ಫೋಟೋ ನೋಡಿದಾಗೆಲ್ಲ ನನಗೆ ಸ್ವಲ್ಪ ಸಿಟ್ಟು ಬರುತ್ತದೆ. ಹಾಕಿಂಗ್ ಮೇಲಲ್ಲ, ಅವರ ಪಕ್ಕದಲ್ಲಿದ್ದವರನ್ನೆಲ್ಲ ಫೋಟೋದಿಂದ ಕತ್ತರಿಸಿದವರ ಮೇಲೆ.

1963ರಲ್ಲಿ ಅವರಿಗೆ 21 ವರ್ಷ. ಕೇಂಬ್ರಿಜ್‌ನಲ್ಲಿ ಸಂಶೋಧನೆಗೆ ಸೇರಿ ಹೆಚ್ಚು ದಿನ ಆಗಿರಲಿಲ್ಲ. ಎಎಲ್‌ಎಸ್ ಇದೆ ಎಂದು ಗೊತ್ತಾಯಿತು. ಸ್ನಾಯುಗಳನ್ನು ಆಡಿಸುವ ನರಕೋಶಗಳು ಸಾಯುತ್ತಾ ಹೋಗುವ ಕಾಯಿಲೆ ಅದು. ಇನ್ನು ಎರಡು ವರ್ಷ ಎಂದರು ವೈದ್ಯರು. ಬದುಕಿದ್ದು 76ರವರೆಗೆ. ಇದಕ್ಕೆ ಛಲ ಕಾರಣ ಅಂತಾರೆ. ಛಲ ಇತ್ತು, ಸುಳ್ಳಲ್ಲ. ಆದರೆ ಅವರಿಗೆ ಬಂದದ್ದು ತೀರಾ ನಿಧಾನಕ್ಕೆ ಬೆಳೆಯುವ, ಅಪರೂಪದ ಬಗೆ. ಅದೇ ಕಾಯಿಲೆಯಲ್ಲಿ ಮೂರೇ ವರ್ಷಕ್ಕೆ ಹೋದವರಿಗೆ ಛಲ ಕಮ್ಮಿ ಇತ್ತು ಎನ್ನೋಣವೇ?

1965ರಲ್ಲಿ ಜೇನ್ ಅವರನ್ನು ಮದುವೆಯಾದರು. ಮೂರು ಮಕ್ಕಳು. ಹೊರಗಿನವರು ಬಂದು ನೋಡಿಕೊಳ್ಳುವುದು ಹಾಕಿಂಗ್‌ಗೆ ವರ್ಷಗಟ್ಟಲೆ ಇಷ್ಟವಿರಲಿಲ್ಲ. ನಾವು ಛಲ ಅಂತ ಹೊಗಳುವುದರ ಭಾರ ಹೊತ್ತದ್ದು ಯಾರು ಅಂತ ಬೇರೆ ಹೇಳಬೇಕಾ? ಆಮೇಲೆ ಸಂಶೋಧನಾ ವಿದ್ಯಾರ್ಥಿಗಳು ಅವರ ಮನೆಯಲ್ಲೇ ಉಳಿದು, ಅವರನ್ನು ನೋಡಿಕೊಳ್ಳಲು ನೆರವಾದರು. 1974ರಲ್ಲಿ, ಬೆಳಕನ್ನೂ ನುಂಗಿಬಿಡುತ್ತವೆ ಎನ್ನುವ ಕಪ್ಪು ಕುಳಿಗಳು ಪೂರ್ತಿ ಕಪ್ಪಲ್ಲ, ಅವುಗಳಿಂದ ಸಣ್ಣಗೆ ವಿಕಿರಣ ಹೊಮ್ಮುತ್ತದೆ ಎಂದು ಹಾಕಿಂಗ್ ತೋರಿಸಿದ್ದು ಜೇನ್ ಭಾರ ಹೊತ್ತಿದ್ದ ಮನೆಯಲ್ಲಿದ್ದುಕೊಂಡೇ. ಕೈಯಲ್ಲಿ ಸಮೀಕರಣ ಬರೆಯಲು ಆಗದಾಗ ಅದನ್ನು ಆಕಾರಗಳಾಗಿ ತಲೆಯಲ್ಲೇ ಕಟ್ಟಿಕೊಳ್ಳುವುದನ್ನು ಕಲಿತಿದ್ದರು. ಅದು ಮಾತ್ರ ಅವರೊಬ್ಬರದೇ. ಅಲ್ಲಿ ನಾನು ಕೈ ಮುಗಿಯುತ್ತೇನೆ.

1985ರಲ್ಲಿ ಜಿನೀವಾಕ್ಕೆ ಹೋಗಿದ್ದಾಗ ನ್ಯುಮೋನಿಯಾ ಆಯಿತು. ವೆಂಟಿಲೇಟರ್ ನಿಲ್ಲಿಸೋಣವೇ ಎಂದು ವೈದ್ಯರು ಕೇಳಿದರು. ಜೇನ್ ಒಪ್ಪಲಿಲ್ಲ. ಆ ದಿನ ಛಲ ತೋರಿಸಬೇಕಾದವರು ಎಚ್ಚರವಿಲ್ಲದೆ ಮಲಗಿದ್ದರು. ಕೇಂಬ್ರಿಜ್‌ಗೆ ಕರೆತಂದು ಗಂಟಲಿಗೆ ರಂಧ್ರ ಮಾಡಿದರು. ಜೀವ ಉಳಿಯಿತು, ದನಿ ಹೋಯಿತು. ಆಮೇಲೆ ಯಾರಾದರೂ ಅಕ್ಷರದ ಹಲಗೆ ಹಿಡಿದು ಒಂದೊಂದೇ ಅಕ್ಷರ ತೋರಿಸಬೇಕು, ಸರಿಯಾದದ್ದು ಬಂದಾಗ ಇವರು ಹುಬ್ಬು ಎತ್ತಬೇಕು.

ಅಮೆರಿಕದ ವಾಲ್ಟರ್ ವೋಲ್ಟೋಸ್ ಎಂಬ ಎಂಜಿನಿಯರ್ ಒಂದು ಪ್ರೋಗ್ರಾಂ ಬರೆದಿದ್ದರು. ಬಟನ್ ಒಂದನ್ನೇ ಒತ್ತಿ ಪದ ಆರಿಸಬಹುದಿತ್ತು. ಅದನ್ನು ಬರೆದದ್ದು ಹಾಕಿಂಗ್‌ಗಾಗಿ ಅಲ್ಲ, ಇದೇ ಕಾಯಿಲೆಯಿದ್ದ ತಮ್ಮ ಅತ್ತೆಗಾಗಿ! ಆ ಪ್ರೋಗ್ರಾಂ ಹಾಕಿದ ಕಂಪ್ಯೂಟರನ್ನು ಹಾಕಿಂಗ್ ಗಾಲಿಕುರ್ಚಿಗೆ ಜೋಡಿಸಿದ್ದು ಅವರ ದಾದಿಯೊಬ್ಬರ ಗಂಡ. (ಮುಂದೆ ಹಾಕಿಂಗ್ ಆ ದಾದಿಯನ್ನೇ ಮದುವೆಯಾದರು. ಅದು ಬೇರೆ ಕತೆ, ಬಿಡಿ.) ಜಗತ್ತಿಗೆಲ್ಲ ಗೊತ್ತಿರುವ ಆ ಯಂತ್ರದ ದನಿಯ ಮೂಲ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕ ಡೆನಿಸ್ ಕ್ಲ್ಯಾಟ್ ಅವರದು. ಅವರೂ ಕ್ಯಾನ್ಸರ್ ಬಂದು ಮಾತು ಕಳೆದುಕೊಂಡು 1988ರಲ್ಲಿ ಹೋದರು. ಅವರ ದನಿ ಇನ್ನೂ 29 ವರ್ಷ ಹಾಕಿಂಗ್ ಬಳಿ ಮಾತಾಡುತ್ತಿತ್ತು. ಇದನ್ನು ಓದಿದ ರಾತ್ರಿ ನನಗೆ ಬೇಗ ನಿದ್ದೆ ಬರಲಿಲ್ಲ.

ಇನ್ನು ದುಡ್ಡು. ಬ್ರಿಟನ್ ಸರ್ಕಾರದ ಆರೋಗ್ಯ ಸೇವೆ ನರ್ಸಿಂಗ್ ಹೋಮ್ ಖರ್ಚು ಕೊಡುತ್ತೇನೆ ಎಂದಿತು. ಮನೆಯಲ್ಲೇ ಇರಬೇಕು ಎಂದರು ಜೇನ್. ಹಗಲೂ ರಾತ್ರಿ ಮೂರು ಪಾಳಿಯ ದಾದಿಯರ ಖರ್ಚು ಕೊಟ್ಟದ್ದು ಅಮೆರಿಕದ ಒಂದು ಪ್ರತಿಷ್ಠಾನ. 2009ರಲ್ಲಿ ಇನ್ನೊಂದು ತಮಾಷೆ ನಡೆಯಿತು. ಹಾಕಿಂಗ್ ಬ್ರಿಟನ್ನಿನಲ್ಲಿದ್ದಿದ್ದರೆ ಅಲ್ಲಿನ ಸರ್ಕಾರಿ ಆಸ್ಪತ್ರೆ ವ್ಯವಸ್ಥೆಯಲ್ಲಿ ಉಳಿಯುತ್ತಿರಲಿಲ್ಲ ಎಂದು ಅಮೆರಿಕದ ಪತ್ರಿಕೆಯೊಂದು ಬರೆಯಿತು. ಪಾಪ, ಅವರು ಹುಟ್ಟಿ ಬೆಳೆದು ನೆಲೆಸಿದ್ದು ಬ್ರಿಟನ್ನಿನಲ್ಲೇ! ಆ ವ್ಯವಸ್ಥೆ ಇಲ್ಲದಿದ್ದರೆ ನಾನು ಇವತ್ತು ಇರುತ್ತಿರಲಿಲ್ಲ ಎಂದು ಹಾಕಿಂಗ್ ಅವರೇ ಹೇಳಬೇಕಾಯಿತು.

ನಮ್ಮಲ್ಲಿಗೂ ಬಂದಿದ್ದರು, 2001ರ ಜನವರಿಯಲ್ಲಿ. ಮುಂಬೈ ಆದ ಮೇಲೆ ದೆಹಲಿ. ಜಂತರ್ ಮಂತರ್, ಕುತುಬ್ ಮಿನಾರ್ ನೋಡಲು ಅವರಿಗಾಗಿ ಮರದ ಇಳಿಜಾರು ಹಾಕಿಸಿದರು. ಅಂಗವಿಕಲರ ಹಕ್ಕಿಗಾಗಿ ಹೋರಾಡುವವರು ಒತ್ತಾಯ ಮಾಡಿದ್ದರಿಂದ ಅಷ್ಟಾದರೂ ಆಯಿತು. ಬೇಕು ಎಂದಾಗ ಹಲಗೆ ಸಿಗುತ್ತದೆ, ಬಡಗಿಯೂ ಸಿಗುತ್ತಾನೆ, ಅಲ್ವಾ?

ಮೊನ್ನೆ ನವೆಂಬರಿನಲ್ಲಿ ಮಾವನ ಜೀವಂತ ಪ್ರಮಾಣಪತ್ರ ಕೊಡಲು ಅದೇ ಬ್ಯಾಂಕಿಗೆ ಹೋಗಿದ್ದೆವು. ಕುರ್ಚಿಯನ್ನು ಮುಂದೆ ಸೆಕ್ಯುರಿಟಿಯವರು ಹಿಡಿದರು, ಹಿಂದೆ ನಾನು. ಎರಡನೇ ಮೆಟ್ಟಿಲಲ್ಲಿ ನನ್ನ ಕೈ ಜಾರಿತು. ಕುರ್ಚಿ ಒಂದು ಕಡೆ ವಾಲಿತು. ಮಾವ ಹಿಡಿಕೆ ಬಿಗಿಯಾಗಿ ಹಿಡಿದುಕೊಂಡು, “ನಿಧಾನ ಕಣೋ, ಬದುಕಿದೀನಿ ಅಂತ ಹೇಳೋಕೆ ಹೋಗ್ತಾ ಇರೋದು” ಅಂದರು.